ಟೆನಿಸ್ ಆಟದ ಫೋರ್‌ಹ್ಯಾಂಡ್ ಹೊಡೆತ: ಅದರ ಬದಲಾವಣೆಯ ಕಾರಣಗಳನ್ನು ಕುರಿತು ಒಂದು ವಿಚಾರ

೧

ಆಟಗಳ ಇತಿಹಾಸವನ್ನು ಗಂಭೀರವಾದ ಅಧ್ಯಯನಕ್ಕೆ ತಕ್ಕ ವಿಷಯವೆಂದು ಭಾವಿಸುವ ರೂಢಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ರಾಜವಂಶಗಳು, ಶಾಸನಗಳು, ಭೂಕಂದಾಯ, ವ್ಯಾಪಾರ ಇವುಗಳಿಗೆ ದೊರೆತಿರುವ ಗಮನದಲ್ಲಿ ಒಂದು ಅಲ್ಪಭಾಗವೂ ಮನುಷ್ಯನು ತನ್ನ ದೇಹವನ್ನು ಹೇಗೆ ಬಳಸಿಕೊಂಡನೆಂಬ ಪ್ರಶ್ನೆಗೆ ದೊರೆತಿಲ್ಲ. ಆದರೆ ನೇಗಿಲು ಹಿಡಿಯುವ ಕೈಗೂ ಬಿಲ್ಲು ಹಿಡಿಯುವ ಕೈಗೂ ಚರಿತ್ರೆಯುಂಟು. ಚೆಂಡನ್ನು ಹೊಡೆಯುವ ಕೈಗೂ ಉಂಟು. ಈ ಮೂರನೆಯದರ ಅಧ್ಯಯನದಲ್ಲಿ ಒಂದು ವಿಶೇಷವಾದ ಅನುಕೂಲವಿದೆ. ಟೆನಿಸ್ಸಿನಂಥ ಆಟದಲ್ಲಿ ಯಾವ ವರ್ಷ, ಯಾವ ನೆಲದ ಮೇಲೆ, ಯಾರು ಯಾರನ್ನು ಸೋಲಿಸಿದರೆಂಬುದು ದಾಖಲೆಯಾಗಿ ಉಳಿದಿದೆ. ಆದುದರಿಂದ ಒಂದು ಬದಲಾವಣೆಗೆ ಕಾರಣವೆಂದು ಹೇಳುವ ಸಂಗತಿ ನಿಜವಾಗಿಯೂ ಆ ಬದಲಾವಣೆಗಿಂತ ಮುಂಚೆ ಇದ್ದಿತೇ ಎಂದು ಪರೀಕ್ಷಿಸಲು ಇಲ್ಲಿ ಸಾಧ್ಯವಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಟೆನಿಸ್ ಆಟದ ಒಂದೇ ಒಂದು ಹೊಡೆತವನ್ನು, ಎಂದರೆ ಫೋರ್‌ಹ್ಯಾಂಡ್ ಹೊಡೆತವನ್ನು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಬಲಗೈಯವನು ತನ್ನ ಬಲಮಗ್ಗುಲಿಗೆ ಬಂದ ಚೆಂಡನ್ನು, ಅಂಗೈ ಚೆಂಡಿನ ಕಡೆಗಿರುವಂತೆ ಹೊಡೆಯುವುದು ಫೋರ್‌ಹ್ಯಾಂಡ್. ಈ ಹೊಡೆತ ಬದಲಾಗಿದೆಯೆಂಬುದರಲ್ಲಿ ವಿವಾದವಿಲ್ಲ. ಹಳೆಯ ಚಲನಚಿತ್ರಗಳಲ್ಲಿ ಆಟಗಾರನು ಬಲೆಗೆ ಮಗ್ಗುಲಾಗಿ ನಿಂತು, ಮುಂದಿಟ್ಟ ಕಾಲಿನ ಮೇಲೆ ದೇಹದ ಭಾರವನ್ನು ಹಾಕಿ, ರ‍್ಯಾಕೆಟ್ಟನ್ನು ನೆಲಕ್ಕೆ ಹೆಚ್ಚುಕಡಮೆ ಸಮಾನಾಂತರವಾಗಿ ಬೀಸಿ, ಚೆಂಡು ಹೋದ ದಿಕ್ಕಿಗೇ ತೋಳನ್ನು ಚಾಚುವುದನ್ನು ನೋಡುತ್ತೇವೆ. ಇಂದಿನ ಆಟಗಾರನು ಎದೆಯನ್ನು ಬಲೆಯ ಕಡೆಗೆ ತೆರೆದು ನಿಲ್ಲುತ್ತಾನೆ. ಸೊಂಟವನ್ನೂ ಹೆಗಲನ್ನೂ ತಿರುಚಿ ಬಿಡುತ್ತಾನೆ. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ, ಮೋಟಾರುಗಾಡಿಯ ಗಾಜನ್ನು ಒರೆಸುವ ಕಡ್ಡಿಯಂತೆ ರ‍್ಯಾಕೆಟ್ಟನ್ನು ತನ್ನ ಮುಂದೆ ಅಡ್ಡವಾಗಿ ಹಾಯಿಸುತ್ತಾನೆ. ಒಂದೇ ಹೆಸರಿನ ಹೊಡೆತ ಒಂದೂವರೆ ಶತಮಾನದಲ್ಲಿ ಬೇರೊಂದು ಹೊಡೆತವಾಗಿದೆ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ಮರದ ರ‍್ಯಾಕೆಟ್ಟು ಹೋಗಿ, ಹಗುರವೂ ಅಗಲವೂ ಆದ ಗ್ರಾಫೈಟಿನ ರ‍್ಯಾಕೆಟ್ಟು ಬಂದಿತು, ಉಪಕರಣ ಬದಲಾದುದರಿಂದ ಹೊಡೆತ ಬದಲಾಯಿತು. ಕೇಳುವುದಕ್ಕೆ ಈ ಮಾತು ಸರಳವಾಗಿದೆ. ಆದರೆ ಕಾಲಾನುಕ್ರಮವನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರೆ ಅದು ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಹೊಡೆತದ ಬದಲಾವಣೆಗೆ ಮೊದಲ ಕಾರಣ ಆಟದ ನೆಲ, ಮತ್ತು ಯಾವ ನೆಲದ ಆಟವನ್ನು ಶ್ರೇಷ್ಠವೆಂದು ಭಾವಿಸಲಾಗಿತ್ತೆಂಬ ಸಂಗತಿ. ಉಪಕರಣವು ಆಮೇಲೆ ಬಂದು, ಕೆಲವರದಾಗಿದ್ದುದನ್ನು ಎಲ್ಲರದನ್ನಾಗಿ ಮಾಡಿತು. ಈ ಅಭಿಪ್ರಾಯವನ್ನು ಮುಂದಿನ ಭಾಗಗಳಲ್ಲಿ ಆಧಾರಸಹಿತವಾಗಿ ಪ್ರತಿಪಾದಿಸಲು ಯತ್ನಿಸುತ್ತೇವೆ.

೨

ಹೊಡೆತದ ಚರಿತ್ರೆಗೆ ತೊಡಗುವ ಮುನ್ನ ಚೆಂಡಿನ ಗತಿಯನ್ನು ಕುರಿತು ಎರಡು ಮಾತು ಅಗತ್ಯ. ಸುತ್ತುತ್ತ ಸಾಗುವ ಚೆಂಡು ಗಾಳಿಯಲ್ಲಿ ತನ್ನ ಸಹಜವಾದ ಮಾರ್ಗವನ್ನು ಬಿಟ್ಟು ಬಾಗುತ್ತದೆ. ಮುಂದಕ್ಕೆ ಉರುಳುವ ಗಾಲಿಯಂತೆ ಸುತ್ತುವ ಚೆಂಡು ಬೇಗನೆ ಕೆಳಕ್ಕೆ ಬಾಗಿ ಬಿದ್ದು, ನೆಲವನ್ನು ತಾಗಿದೊಡನೆ ಎತ್ತರಕ್ಕೆ ಪುಟಿಯುತ್ತದೆ. ಇದಕ್ಕೆ ಟಾಪ್‌ಸ್ಪಿನ್ ಎಂದು ಹೆಸರು. ಇದಕ್ಕೆ ವಿರುದ್ಧವಾಗಿ ಹಿಂದಕ್ಕೆ ಸುತ್ತುವ ಚೆಂಡು ತೇಲಿಕೊಂಡು ಹೋಗಿ, ಬಿದ್ದಮೇಲೆ ತಗ್ಗಾಗಿ ಜಾರುತ್ತದೆ, ಇದು ಸ್ಲೈಸ್. ಟಾಪ್‌ಸ್ಪಿನ್ನಿನ ಪ್ರಯೋಜನ ಸ್ಪಷ್ಟವಾದುದು. ಚೆಂಡನ್ನು ಬಲೆಗಿಂತ ಬಹಳ ಮೇಲಾಗಿ, ಬಹಳ ವೇಗವಾಗಿ ಹೊಡೆದರೂ ಅದು ಗೆರೆಯೊಳಗೇ ಬೀಳುತ್ತದೆ.

ಈ ಜ್ಞಾನ ಹೊಸದಲ್ಲ. ಓರೆಯಾಗಿ ಹಿಡಿದ ರ‍್ಯಾಕೆಟ್ಟಿನಿಂದ ಹೊಡೆದ ಟೆನಿಸ್ ಚೆಂಡು ವಕ್ರವಾಗಿ ಸಾಗುವುದನ್ನು ತಾನು ಕಂಡಿರುವುದಾಗಿ ನ್ಯೂಟನ್ ಅವರು ೧೬೭೨ರಲ್ಲಿ ಬೆಳಕನ್ನು ಕುರಿತು ಬರೆದ ತಮ್ಮ ಪ್ರಸಿದ್ಧವಾದ ಪತ್ರದಲ್ಲಿ ಪ್ರಸ್ತಾಪಿಸಿದ್ದಾರೆ. ಅದು ಗೋಡೆಗಳ ನಡುವೆ ಆಡುತ್ತಿದ್ದ ಹಳೆಯ ಟೆನಿಸ್ಸು. ಲಾರ್ಡ್ ರ‍್ಯಾಲೆ ಅವರು ಟೆನಿಸ್ ಚೆಂಡಿನ ವಕ್ರಗತಿಯನ್ನು ಕುರಿತು ಗಣಿತಲೇಖನವನ್ನು ಪ್ರಕಟಿಸಿದುದು ೧೮೭೭ರಲ್ಲಿ. ವಿಂಬಲ್ಡನ್ನಿನ ಮೊದಲ ಪಂದ್ಯಾವಳಿ ನಡೆದ ವರ್ಷವೂ ಅದೇ. ಎಂದರೆ, ಹುಲ್ಲಿನ ಮೇಲೆ ಆಡುವ ಈ ಹೊಸ ಆಟ ಇನ್ನೂ ಶೈಶವದಲ್ಲಿದ್ದಾಗಲೇ ಚೆಂಡಿನ ಸುತ್ತಿನ ತತ್ತ್ವ ವಿದ್ವಾಂಸರಿಗೆ ತಿಳಿದಿದ್ದಿತು.

ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಅವರು ೧೮೭೪ರಲ್ಲಿ ಈ ಆಟಕ್ಕೆ ಹಕ್ಕುಪತ್ರವನ್ನು ಪಡೆದರು. ಮೊದಲ ತಲೆಮಾರಿನ ಆಟಗಾರರಲ್ಲಿ ಪ್ರಮುಖರು ಗೋಡೆಯೊಳಗಿನ ಹಳೆಯ ಆಟಗಳಿಂದ ಬಂದವರು. ಮೊದಲ ವಿಂಬಲ್ಡನ್ ಪ್ರಶಸ್ತಿಯನ್ನು ಗೆದ್ದ ಸ್ಪೆನ್ಸರ್ ಗೋರ್ ಅವರು ರ‍್ಯಾಕೆಟ್ಸ್ ಎಂಬ ಆಟದಲ್ಲಿ ಪಳಗಿದವರು. ಆ ವರ್ಷ ಬಲೆಯ ಎತ್ತರ ಕಂಬಗಳ ಬಳಿ ೫ ಅಡಿ, ನಡುವೆ ೩ ಅಡಿ ೩ ಅಂಗುಲ. ಅಂಥ ಬಲೆಯ ಅಂಚಿನಲ್ಲಿ ಚೆಂಡನ್ನು ನೇರವಾಗಿ ಹಾಯಿಸುವುದು ಕಷ್ಟವಾದುದರಿಂದ, ಮುಂದೆ ನುಗ್ಗಿ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವವರಿಗೆ ಮೇಲುಗೈಯಾಗುತ್ತಿತ್ತು. ೧೮೮೦ರ ದಶಕದ ಮೊದಲ ವರ್ಷಗಳಲ್ಲಿ ಬಲೆಯನ್ನು ಇಂದಿನ ಅಳತೆಗೆ, ಎಂದರೆ ಕಂಬಗಳ ಬಳಿ ೩ ಅಡಿ ೬ ಅಂಗುಲಕ್ಕೂ ನಡುವೆ ೩ ಅಡಿಗೂ ಇಳಿಸಲಾಯಿತು.

ಬಲೆ ತಗ್ಗಿದ ಈ ದಶಕದಲ್ಲಿಯೇ ಇಂಗ್ಲೆಂಡಿನ ಹರ್ಬರ್ಟ್ ಲಾಫರ್ಡ್ ಅವರು ಚೆಂಡಿಗೆ ಟಾಪ್‌ಸ್ಪಿನ್ ಕೊಟ್ಟು ಬಲವಾಗಿ ಹೊಡೆಯುವ ಫೋರ್‌ಹ್ಯಾಂಡಿನಿಂದ ಪ್ರಸಿದ್ಧರಾದರು. ಆ ಹೊಡೆತಕ್ಕೆ ಅವರ ಹೆಸರೇ ನಿಂತಿತು. ಅವರು ೧೮೮೪, ೧೮೮೫, ೧೮೮೬ ಈ ಮೂರು ವರ್ಷಗಳಲ್ಲಿಯೂ ವಿಂಬಲ್ಡನ್ನಿನ ಅಂತಿಮ ಸ್ಪರ್ಧೆಯಲ್ಲಿ ಮುನ್ನುಗ್ಗಿ ಆಡುವ ವಿಲಿಯಂ ರೆನ್‌ಶಾ ಅವರಿಗೆ ಸೋತು, ೧೮೮೭ರಲ್ಲಿ ಪ್ರಶಸ್ತಿಯನ್ನು ಪಡೆದರು. ಇಲ್ಲಿ ನಾವು ಗಮನಿಸಬೇಕಾದುದು ಇಷ್ಟು: ಟಾಪ್‌ಸ್ಪಿನ್ ಫೋರ್‌ಹ್ಯಾಂಡು ಗ್ರಾಫೈಟಿನ ಕೂಸಲ್ಲ. ಆಟ ಹುಟ್ಟಿ ಹದಿನೈದು ವರ್ಷ ತುಂಬುವುದರೊಳಗಾಗಿ, ಕಿರಿದಾದ ಭಾರವಾದ ಮರದ ರ‍್ಯಾಕೆಟ್ಟಿನಲ್ಲಿಯೇ ಅದು ಕಾಣಿಸಿಕೊಂಡಿತ್ತು.

೩

ಹಾಗಿದ್ದಲ್ಲಿ ಅದು ಆಗಲೇ ಏಕೆ ಹರಡಲಿಲ್ಲ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ರ‍್ಯಾಕೆಟ್ಟಿನ ಹಿಡಿತಗಳ ಹೆಸರುಗಳು ನಮಗೆ ನೆರವಾಗುತ್ತವೆ. ಊರಹೆಸರುಗಳಿಂದ ನಾಡಿನ ಹಳೆಯ ಸ್ಥಿತಿಯನ್ನು ಊಹಿಸುವ ಪದ್ಧತಿ ನಮ್ಮ ವಿದ್ವಾಂಸರಿಗೆ ಪರಿಚಿತವಾದುದೇ. ಫೋರ್‌ಹ್ಯಾಂಡಿಗೆ ಬಳಸುವ ಮೂರು ಮುಖ್ಯವಾದ ಹಿಡಿತಗಳು ಕಾಂಟಿನೆಂಟಲ್, ಈಸ್ಟರ್ನ್ ಮತ್ತು ವೆಸ್ಟರ್ನ್. ಮೂರೂ ಭೂಗೋಳದ ಹೆಸರುಗಳೇ. ಮೊದಲನೆಯದು ಯೂರೋಪು ಖಂಡದ್ದು. ಎರಡನೆಯದು ಅಮೆರಿಕದ ಪೂರ್ವಭಾಗದ್ದು. ಮೂರನೆಯದು ಅದೇ ದೇಶದ ಪಶ್ಚಿಮ ತೀರದ್ದು, ವಿಶೇಷವಾಗಿ ಕ್ಯಾಲಿಫೋರ್ನಿಯದ್ದು. ಹಿಡಿತವು ರ‍್ಯಾಕೆಟ್ಟಿನಿಂದ ಹುಟ್ಟಿದ್ದರೆ ಅದಕ್ಕೆ ರ‍್ಯಾಕೆಟ್ಟಿನ ಹೆಸರು ಬರಬೇಕಾಗಿತ್ತು. ಅದು ನೆಲದಿಂದ ಹುಟ್ಟಿತು. ಆದುದರಿಂದ ನೆಲದ ಹೆಸರು ಬಂದಿತು.

ಈ ಹಿಡಿತಗಳ ವ್ಯತ್ಯಾಸವನ್ನು ಹೀಗೆ ವಿವರಿಸಬಹುದು. ಕಾಂಟಿನೆಂಟಲ್ ಹಿಡಿತದಲ್ಲಿ ರ‍್ಯಾಕೆಟ್ಟನ್ನು ಸುತ್ತಿಗೆಯಂತೆ ಹಿಡಿಯುತ್ತಾರೆ. ಅಂಗೈ ಹಿಡಿಯ ಮೇಲ್ಭಾಗಕ್ಕೆ ಬರುತ್ತದೆ. ಮೊಣಕಾಲಿನ ಎತ್ತರಕ್ಕೆ ಬಂದ ಚೆಂಡನ್ನು ಎತ್ತುವುದಕ್ಕೂ, ಕೈ ಬದಲಿಸದೆಯೇ ಎಡಮಗ್ಗುಲಿನ ಹೊಡೆತವನ್ನೂ ಬಲೆಯ ಬಳಿಯ ಹೊಡೆತವನ್ನೂ ಆಡುವುದಕ್ಕೂ ಇದು ಅನುಕೂಲ. ಈಸ್ಟರ್ನ್ ಹಿಡಿತದಲ್ಲಿ ಅಂಗೈ ಹಿಡಿಯ ಹಿಂಬದಿಗೆ ಬರುತ್ತದೆ. ಇದು ಕೈಕುಲುಕಿದಂತೆ ಹಿಡಿಯುವ ರೀತಿ, ಸೊಂಟದ ಎತ್ತರದ ಚೆಂಡಿಗೆ ತಕ್ಕದ್ದು. ವೆಸ್ಟರ್ನ್ ಹಿಡಿತದಲ್ಲಿ ಅಂಗೈ ಹಿಡಿಯ ಕೆಳಕ್ಕೆ ಹೋಗುತ್ತದೆ; ರ‍್ಯಾಕೆಟ್ಟಿನ ಮುಖ ಸಹಜವಾಗಿ ನೆಲದ ಕಡೆಗೆ ಬಾಗಿರುತ್ತದೆ. ಹೆಗಲೆತ್ತರಕ್ಕೆ ಪುಟಿದ ಚೆಂಡನ್ನು ಸವರಿ ಹೊಡೆಯಲು ಇದಕ್ಕಿಂತ ಮೇಲಾದ ಹಿಡಿತವಿಲ್ಲ. ಪಾದದ ಬಳಿ ಜಾರಿ ಬರುವ ಚೆಂಡಿಗೆ ಇದಕ್ಕಿಂತ ತೊಡಕಾದುದೂ ಇಲ್ಲ.

ಇಂಗ್ಲೆಂಡಿನ ಹುಲ್ಲು ಮೃದು. ಚೆಂಡು ಅಲ್ಲಿ ತಗ್ಗಾಗಿ ಜಾರುತ್ತಿತ್ತು. ಕ್ಯಾಲಿಫೋರ್ನಿಯದ ಸಾರ್ವಜನಿಕ ಉದ್ಯಾನಗಳಲ್ಲಿ ಸಿಮೆಂಟಿನ ಮತ್ತು ಡಾಂಬರಿನ ಅಂಕಣಗಳಿದ್ದವು. ಚೆಂಡು ಅಲ್ಲಿ ಎತ್ತರಕ್ಕೆ ಪುಟಿಯುತ್ತಿತ್ತು. ಈ ಗಟ್ಟಿ ನೆಲದಲ್ಲಿ ಆಡಿ ಬೆಳೆದ ಮೇ ಸಟನ್ ಎಂಬ ಹದಿನೆಂಟು ವರ್ಷದ ತರುಣಿ ೧೯೦೫ರಲ್ಲಿ ವಿಂಬಲ್ಡನ್ನಿಗೆ ಹೋಗಿ, ಭಾರವಾದ ಟಾಪ್‌ಸ್ಪಿನ್ ಫೋರ್‌ಹ್ಯಾಂಡಿನಿಂದ ಡೊರೊಥಿಯಾ ಡಗ್ಲಸ್ ಅವರನ್ನು ಸೋಲಿಸಿ, ಅಲ್ಲಿ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದ ಮೊದಲ ಅಮೆರಿಕನ್ ಎನಿಸಿಕೊಂಡರು. ಕ್ಯಾಲಿಫೋರ್ನಿಯದವರೇ ಆದ ಮಾರಿಸ್ ಮೆಕ್‌ಲಾಫ್ಲಿನ್ ಅವರು ೧೯೧೨ ಮತ್ತು ೧೯೧೩ರಲ್ಲಿಯೂ, ವಿಲಿಯಂ ಜಾನ್‌ಸ್ಟನ್ ಅವರು ೧೯೧೫ ಮತ್ತು ೧೯೧೯ರಲ್ಲಿಯೂ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದರು. ದೇಹದಲ್ಲಿ ಸಣ್ಣವರಾದ ಜಾನ್‌ಸ್ಟನ್ ಅವರ ವೆಸ್ಟರ್ನ್ ಫೋರ್‌ಹ್ಯಾಂಡ್ ಆ ಕಾಲದ ಅತ್ಯಂತ ಬಲವಾದ ಹೊಡೆತಗಳಲ್ಲಿ ಒಂದೆಂದು ಖ್ಯಾತವಾಗಿತ್ತು. ಇವರೆಲ್ಲರ ಕೈಯಲ್ಲಿದ್ದುದು ಇಂಗ್ಲಿಷರ ಕೈಯಲ್ಲಿದ್ದಂಥ ಮರದ ರ‍್ಯಾಕೆಟ್ಟೇ. ಉಪಕರಣ ಒಂದೇ, ನೆಲ ಬೇರೆ, ಹೊಡೆತ ಬೇರೆ.

ಇದಕ್ಕಿಂತ ಬಲವಾದ ಸಾಕ್ಷ್ಯವೊಂದುಂಟು. ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಬೆಳೆದ ಡಾನ್ ಬಡ್ಜ್ ಅವರು ಬಾಲ್ಯದಲ್ಲಿ ವೆಸ್ಟರ್ನ್ ಹಿಡಿತವನ್ನೇ ಕಲಿತಿದ್ದರು. ಪೂರ್ವದ ಹುಲ್ಲಿನ ಅಂಕಣಗಳಿಗೆ ಬಂದಾಗ ಅದರಿಂದ ತೊಂದರೆಯಾಯಿತು. ೧೯೩೦ರ ದಶಕದ ನಡುವಿನಲ್ಲಿ ಅವರು ಟಾಮ್ ಸ್ಟೋ ಎಂಬ ಶಿಕ್ಷಕರ ಬಳಿ ತಮ್ಮ ಫೋರ್‌ಹ್ಯಾಂಡನ್ನು ಈಸ್ಟರ್ನ್ ಹಿಡಿತಕ್ಕೆ ಬದಲಿಸಿಕೊಂಡರು. ೧೯೩೭ರಲ್ಲಿ ವಿಂಬಲ್ಡನ್ ಅವರದಾಯಿತು. ೧೯೩೮ರಲ್ಲಿ ಒಂದೇ ವರ್ಷದಲ್ಲಿ ನಾಲ್ಕು ಮಹಾಪಂದ್ಯಾವಳಿಗಳನ್ನೂ ಗೆದ್ದ ಮೊದಲ ಆಟಗಾರರೆಂಬ ಕೀರ್ತಿಯೂ ಬಂದಿತು. ಇಲ್ಲಿ ರ‍್ಯಾಕೆಟ್ಟು ಮರದ್ದಾಗಿಯೇ ಉಳಿಯಿತು, ಆಟಗಾರನೂ ಒಬ್ಬನೇ. ಬದಲಾದುದು ಗೆಲ್ಲಬೇಕಾಗಿದ್ದ ನೆಲ. ಅದರೊಡನೆ ಬದಲಾದುದು ಕೈ.

೪

ಆದರೆ ನೆಲವೊಂದನ್ನೇ ಕಾರಣವೆಂದು ಹೇಳಿದರೆ ಒಂದು ಆಕ್ಷೇಪ ಏಳುತ್ತದೆ. ಯೂರೋಪಿನಲ್ಲಿ, ವಿಶೇಷವಾಗಿ ಫ್ರಾನ್ಸಿನಲ್ಲಿ, ಆವೆಮಣ್ಣಿನ ಅಂಕಣಗಳಿದ್ದವು. ಅಲ್ಲಿ ಚೆಂಡು ಹುಲ್ಲಿನ ಮೇಲಿಗಿಂತ ಎತ್ತರಕ್ಕೆ ಪುಟಿಯುತ್ತದೆ. ಹಾಗಾದರೆ ವೆಸ್ಟರ್ನ್ ಹಿಡಿತ ಅಲ್ಲಿ ಏಕೆ ಪ್ರಬಲವಾಗಲಿಲ್ಲ? ಈ ಆಕ್ಷೇಪ ನ್ಯಾಯವಾದುದು. ಇದಕ್ಕೆ ಉತ್ತರ ನೆಲಗಳ ನಡುವೆ ಇದ್ದ ಮೇಲುಕೀಳಿನ ಭಾವನೆಯಲ್ಲಿದೆ.

೧೯೭೪ರವರೆಗೆ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಮೂರು, ಎಂದರೆ ಇಂಗ್ಲೆಂಡು, ಅಮೆರಿಕ ಮತ್ತು ಆಸ್ಟ್ರೇಲಿಯದವು, ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಫ್ರಾನ್ಸಿನದೊಂದು ಮಾತ್ರ ಆವೆಮಣ್ಣಿನದು. ಯಾವ ದೇಶದ ಆಟಗಾರನಾಗಲಿ ದೊಡ್ಡವನೆನಿಸಿಕೊಳ್ಳಬೇಕಾದರೆ ಹುಲ್ಲಿನ ಮೇಲೆ ಗೆಲ್ಲಲೇಬೇಕಾಗಿತ್ತು. ಫ್ರಾನ್ಸಿನ ಬೊರೊತ್ರಾ, ಲಕೋಸ್ತ್, ಕೊಶೆ ಈ ಮೂವರು ೧೯೨೪ರಿಂದ ೧೯೨೯ರವರೆಗೆ ಆರು ವರ್ಷ ಸತತವಾಗಿ ವಿಂಬಲ್ಡನ್ ಪ್ರಶಸ್ತಿಯನ್ನು ತಮ್ಮತಮ್ಮಲ್ಲೇ ಹಂಚಿಕೊಂಡರೆಂಬುದನ್ನು ನೆನೆದರೆ, ಅವರ ಆಟ ಯಾವ ನೆಲವನ್ನು ಗುರಿಯಾಗಿಟ್ಟುಕೊಂಡು ಬೆಳೆದಿತ್ತೆಂಬುದು ವಿದಿತವಾಗುತ್ತದೆ. ಇಂಗ್ಲೆಂಡಿನ ಫ್ರೆಡ್ ಪೆರ‍್ರಿ ಅವರು ೧೯೨೯ರಲ್ಲಿ ಟೇಬಲ್ ಟೆನಿಸ್ಸಿನ ವಿಶ್ವಪ್ರಶಸ್ತಿಯನ್ನು ಗೆದ್ದು, ಅನಂತರ ಟೆನಿಸ್ಸಿಗೆ ಬಂದವರು. ಅವರು ಕಾಂಟಿನೆಂಟಲ್ ಹಿಡಿತದಲ್ಲಿಯೇ, ಪುಟಿದು ಏಳುತ್ತಿರುವ ಚೆಂಡನ್ನು ಮಣಿಕಟ್ಟಿನ ಚಳಕದಿಂದ ಹೊಡೆದು ೧೯೩೪ರಿಂದ ೧೯೩೬ರವರೆಗೆ ಮೂರು ಬಾರಿ ವಿಂಬಲ್ಡನ್ನನ್ನು ಗೆದ್ದರು.

ಗೆದ್ದವರ ರೀತಿಯೇ ಪಾಠವಾಗುವುದು ಸಹಜ. ಅಮೆರಿಕದ ಬಿಲ್ ಟಿಲ್ಡನ್ ಅವರು ೧೯೧೯ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಜಾನ್‌ಸ್ಟನ್ ಅವರಿಗೆ ಸೋತರೂ, ೧೯೨೦ರಿಂದ ೧೯೨೫ರವರೆಗೆ ಆ ಪ್ರಶಸ್ತಿಯನ್ನು ತಾವೇ ಇಟ್ಟುಕೊಂಡರು. ಅವರದು ಈಸ್ಟರ್ನ್ ಹಿಡಿತ; ಅವರು ಬರೆದ ಪುಸ್ತಕಗಳು ವಿಶೇಷವಾಗಿ ಪ್ರಚಾರದಲ್ಲಿದ್ದವು. ಹೀಗೆ ಹುಲ್ಲಿಗೆ ಹೊಂದಿದ ಹೊಡೆತ ಕ್ರಮೇಣ ಸರಿಯಾದ ಹೊಡೆತವೆಂದು ಕರೆಯಿಸಿಕೊಂಡಿತು. ಮಗ್ಗುಲಾಗಿ ನಿಲ್ಲುವುದು, ರ‍್ಯಾಕೆಟ್ಟನ್ನು ಮಟ್ಟಸವಾಗಿ ಬೀಸುವುದು ನಿಯಮಗಳಾದವು. ಕ್ಯಾಲಿಫೋರ್ನಿಯದ ರೀತಿ ಒಂದು ವಿಚಿತ್ರವೆಂಬಂತೆ ಬದಿಗೆ ಸರಿಯಿತು. ಇಲ್ಲಿ ಆಧಾರಗ್ರಂಥಗಳನ್ನು ಓದುವವರು ಎಚ್ಚರಿಕೆಯಿಂದಿರಬೇಕು. ಶಿಕ್ಷಣದ ಕೈಪಿಡಿ ಒಂದು ಕಾಲದಲ್ಲಿ ಯಾವುದನ್ನು ಸರಿಯೆಂದು ಭಾವಿಸಿದ್ದರೆಂಬುದಕ್ಕೆ ಸಾಕ್ಷಿ. ಎಲ್ಲರೂ ಹೇಗೆ ಆಡುತ್ತಿದ್ದರೆಂಬುದಕ್ಕೆ ಅಲ್ಲ. ಧರ್ಮಶಾಸ್ತ್ರವನ್ನು ಓದಿ ಸಮಾಜವನ್ನು ಚಿತ್ರಿಸಲು ಹೊರಟವರು ಎದುರಿಸುವ ತೊಡಕೇ ಇಲ್ಲಿಯೂ ಇದೆ. ಇಕ್ವೆಡಾರಿನ ಪಾಂಚೊ ಸೆಗೂರ ಅವರು ಎರಡು ಕೈಗಳಿಂದಲೂ ರ‍್ಯಾಕೆಟ್ಟನ್ನು ಹಿಡಿದು ಹೊಡೆಯುತ್ತಿದ್ದ ಫೋರ್‌ಹ್ಯಾಂಡ್ ಯಾವ ಕೈಪಿಡಿಗೂ ಒಳಪಡದಿದ್ದರೂ, ೧೯೪೦ ಮತ್ತು ೧೯೫೦ರ ದಶಕಗಳ ಅತ್ಯುತ್ತಮ ಹೊಡೆತಗಳಲ್ಲಿ ಅದು ಗಣನೆಗೆ ಬಂದಿತ್ತು.

ಭಾರತದ ಆಟವೂ ಈ ಹುಲ್ಲಿನ ಪರಂಪರೆಯಲ್ಲಿಯೇ ಬೆಳೆಯಿತು. ಮದರಾಸಿನ ರಾಮನಾಥನ್ ಕೃಷ್ಣನ್ ಅವರು ೧೯೬೦ ಮತ್ತು ೧೯೬೧ರಲ್ಲಿ ವಿಂಬಲ್ಡನ್ನಿನ ಸೆಮಿಫೈನಲ್ ಹಂತವನ್ನು ಮುಟ್ಟಿದರು. ಬಲಕ್ಕಿಂತ ಹೆಚ್ಚಾಗಿ ಚೆಂಡನ್ನು ಇರಿಸುವ ನಿಪುಣತೆಯನ್ನು ನೆಚ್ಚಿದ ಅವರ ಆಟ ಆ ಪರಂಪರೆಯ ಸೊಗಸಿಗೆ ಒಂದು ನಿದರ್ಶನ.

೫

೧೯೭೦ರ ದಶಕದಲ್ಲಿ ಎರಡು ಬದಲಾವಣೆಗಳು ಏಕಕಾಲದಲ್ಲಿ ಮೊದಲಾದವು. ಇವೆರಡೂ ಬೆರೆತುಹೋಗಿರುವುದರಿಂದಲೇ ಕಾರಣದ ವಿಷಯದಲ್ಲಿ ಗೊಂದಲ ಹುಟ್ಟಿದೆ. ಒಂದು, ನೆಲದ ಬದಲಾವಣೆ. ಅಮೆರಿಕದ ಪಂದ್ಯಾವಳಿ ೧೯೭೫ರಲ್ಲಿ ಹುಲ್ಲನ್ನು ಬಿಟ್ಟು ಆವೆಮಣ್ಣಿಗೂ, ೧೯೭೮ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್ ಮೆಡೋಸಿನ ಗಟ್ಟಿ ಅಂಕಣಗಳಿಗೂ ಹೋಯಿತು. ಆಸ್ಟ್ರೇಲಿಯದ ಪಂದ್ಯಾವಳಿ ೧೯೮೮ರಲ್ಲಿ ಗಟ್ಟಿ ಅಂಕಣಕ್ಕೆ ಬಂದಿತು. ಹೀಗೆ ಹದಿನಾಲ್ಕು ವರ್ಷಗಳಲ್ಲಿ ಹುಲ್ಲಿನ ಮಹಾಪಂದ್ಯಾವಳಿಗಳು ಮೂರರಿಂದ ಒಂದಕ್ಕೆ ಇಳಿದವು. ಇನ್ನೊಂದು, ರ‍್ಯಾಕೆಟ್ಟಿನ ಬದಲಾವಣೆ. ೧೯೬೭ರಲ್ಲಿ ವಿಲ್ಸನ್ ಸಂಸ್ಥೆಯ ಉಕ್ಕಿನ ರ‍್ಯಾಕೆಟ್ಟು, ೧೯೭೬ರಲ್ಲಿ ಹವರ್ಡ್ ಹೆಡ್ ಅವರು ರೂಪಿಸಿದ ಪ್ರಿನ್ಸ್ ಎಂಬ ಅಗಲವಾದ ರ‍್ಯಾಕೆಟ್ಟು, ೧೯೮೦ರ ದಶಕದಲ್ಲಿ ಗ್ರಾಫೈಟು ಪ್ರಚಾರಕ್ಕೆ ಬಂದವು. ಪುರುಷರ ಸಿಂಗಲ್ಸಿನಲ್ಲಿ ಮರದ ರ‍್ಯಾಕೆಟ್ಟಿನಿಂದ ಮಹಾಪಂದ್ಯಾವಳಿಯನ್ನು ಗೆದ್ದವರಲ್ಲಿ ಕೊನೆಯವರು ೧೯೮೩ರಲ್ಲಿ ಫ್ರಾನ್ಸಿನ ಯಾನಿಕ್ ನೋವಾ.

ಎರಡು ಸಂಗತಿಗಳು ಒಟ್ಟಿಗೆ ಬದಲಾದಾಗ ಯಾವುದು ಕಾರಣವೆಂದು ನಿರ್ಣಯಿಸಲು, ಒಂದಿದ್ದು ಮತ್ತೊಂದಿಲ್ಲದ ನಿದರ್ಶನಗಳನ್ನು ಹುಡುಕಬೇಕು. ಅಂಥದೊಂದು ನಿದರ್ಶನ ಆ ದಶಕದ ಇಬ್ಬರು ಪ್ರತಿಸ್ಪರ್ಧಿಗಳಲ್ಲಿಯೇ ನಮಗೆ ದೊರೆಯುತ್ತದೆ. ಅಮೆರಿಕದ ಜಿಮ್ಮಿ ಕಾನರ್ಸ್ ಅವರ ಕೈಯಲ್ಲಿದ್ದುದು ಹೊಸ ಉಕ್ಕಿನ ರ‍್ಯಾಕೆಟ್ಟು. ಅವರ ಫೋರ್‌ಹ್ಯಾಂಡು ಮಾತ್ರ ಹಳೆಯ ಕ್ರಮದ್ದು, ಸುತ್ತಿಲ್ಲದೆ ಮಟ್ಟಸವಾಗಿ ಸಾಗುವಂಥದು. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಅವರ ಕೈಯಲ್ಲಿದ್ದುದು ಹಳೆಯ ಮರದ ರ‍್ಯಾಕೆಟ್ಟು. ಅದರ ತಂತಿಗಳನ್ನು ಸುಮಾರು ೮೦ ಪೌಂಡುಗಳಷ್ಟು ಬಿಗಿಯಾಗಿ ಕಟ್ಟಿಸುತ್ತಿದ್ದರು. ಆದರೆ ಅವರ ಫೋರ್‌ಹ್ಯಾಂಡು ಸರ್ವಥಾ ಹೊಸದು: ವೆಸ್ಟರ್ನ್ ಕಡೆಗೆ ತಿರುಗಿದ ಹಿಡಿತ, ತೆರೆದ ನಿಲುವು, ಬಲೆಗಿಂತ ಬಹಳ ಮೇಲೆ ಹಾಯ್ದು ಥಟ್ಟನೆ ಬೀಳುವ ಚೆಂಡು. ಹೊಸ ಉಪಕರಣದವರಲ್ಲಿ ಹಳೆಯ ಹೊಡೆತ, ಹಳೆಯ ಉಪಕರಣದವರಲ್ಲಿ ಹೊಸ ಹೊಡೆತ. ಉಪಕರಣವೇ ಹೊಡೆತವನ್ನು ಹುಟ್ಟಿಸಿತೆಂಬ ವಾದಕ್ಕೆ ಇದಕ್ಕಿಂತ ಪ್ರಬಲವಾದ ಪ್ರತ್ಯುತ್ತರ ಬೇಕಿಲ್ಲ.

ಬೋರ್ಗ್ ಅವರು ೧೯೭೪ರಿಂದ ೧೯೮೧ರೊಳಗಾಗಿ ಫ್ರಾನ್ಸಿನ ಆವೆಮಣ್ಣಿನ ಮೇಲೆ ಆರು ಬಾರಿ ಗೆದ್ದರು. ೧೯೭೬ರಿಂದ ೧೯೮೦ರವರೆಗೆ ವಿಂಬಲ್ಡನ್ನಿನ ಹುಲ್ಲಿನ ಮೇಲೆಯೂ ಐದು ಬಾರಿ ಸತತವಾಗಿ ಗೆದ್ದರು. ನೆಲವೇ ಹೊಡೆತವನ್ನು ರೂಪಿಸುವುದೆಂಬ ನಮ್ಮ ವಾದಕ್ಕೆ ಈ ಎರಡನೆಯ ಸಂಗತಿ ಮೇಲ್ನೋಟಕ್ಕೆ ವಿರೋಧವಾಗಿ ಕಾಣಬಹುದು. ಆದರೆ ವಿಂಬಲ್ಡನ್ನಿನಲ್ಲಿ ಅವರು ತಮ್ಮ ಎಂದಿನ ಕ್ರಮವನ್ನು ಮಾರ್ಪಡಿಸಿಕೊಂಡು, ಸರ್ವಿಸ್ ಮಾಡಿದೊಡನೆ ಬಲೆಯ ಕಡೆಗೆ ನುಗ್ಗುವ ಪದ್ಧತಿಯನ್ನು ಹೆಚ್ಚಾಗಿ ಅವಲಂಬಿಸುತ್ತಿದ್ದರೆಂಬುದನ್ನು ಮರೆಯಬಾರದು. ನೆಲವು ಹೊಡೆತವನ್ನು ಕಲಿಸುತ್ತದೆ. ಒಮ್ಮೆ ಕಲಿತ ಕೈ ಬೇರೆ ನೆಲದಲ್ಲಿ ಗೆಲ್ಲಲೇಬಾರದೆಂದು ಅದು ನಿಷೇಧಿಸುವುದಿಲ್ಲ. ಮೇ ಸಟನ್ ಅವರೂ ಜಾನ್‌ಸ್ಟನ್ ಅವರೂ ಹುಲ್ಲಿನ ಮೇಲೆ ಗೆದ್ದಿದ್ದುದು ಹೀಗೆಯೇ. ಬೋರ್ಗ್ ಅವರ ಗೆಲುವಿನ ಮಹತ್ವವೆಂದರೆ, ಯಾವುದು ಸರಿಯಾದ ಹೊಡೆತವೆಂದು ತೀರ್ಪು ಕೊಡುವ ಪೀಠದ ಮೇಲೆಯೇ ಅವರು ಬೇರೊಂದು ಹೊಡೆತವನ್ನು ಪ್ರತಿಷ್ಠಾಪಿಸಿದರು. ಅನಂತರ ಮಕ್ಕಳಿಗೆ ಅದನ್ನು ಕಲಿಸಬಾರದೆಂದು ಹೇಳಲು ಶಿಕ್ಷಕರಿಗೆ ಆಧಾರವುಳಿಯಲಿಲ್ಲ.

ನೆಲದ ಪ್ರಭಾವಕ್ಕೆ ನಮ್ಮ ದೇಶದ ಅನುಭವದಿಂದಲೂ ಒಂದು ಉದಾಹರಣೆಯನ್ನು ಕೊಡಬಹುದು. ೧೯೮೭ರ ಡೇವಿಸ್ ಕಪ್ಪಿನಲ್ಲಿ ಭಾರತವು ದೆಹಲಿಯ ಹುಲ್ಲಿನ ಮೇಲೆ ಅರ್ಜೆಂಟೀನವನ್ನೂ ಇ‌ಸ್ರೇಲನ್ನೂ, ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯವನ್ನೂ ಸೋಲಿಸಿ ಅಂತಿಮ ಸ್ಪರ್ಧೆಗೆ ಬಂದಿತು. ಅಂತಿಮ ಸ್ಪರ್ಧೆ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ, ಒಳಾಂಗಣದಲ್ಲಿ ಹಾಸಿದ ಆವೆಮಣ್ಣಿನ ಮೇಲೆ ನಡೆಯಿತು. ಐದು ಪಂದ್ಯಗಳಲ್ಲಿ ಐದನ್ನೂ ಸ್ವೀಡನ್ ಗೆದ್ದಿತು. ಆ ವೇಳೆಗೆ ಎರಡು ಪಕ್ಷದವರ ಕೈಯಲ್ಲಿಯೂ ಹೊಸ ಬಗೆಯ ರ‍್ಯಾಕೆಟ್ಟುಗಳೇ ಇದ್ದವು. ಸ್ವೀಡನ್ನಿನ ತಂಡ ಬಲಿಷ್ಠವಾಗಿತ್ತೆಂಬುದು ನಿಜ. ಆದರೆ ಆತಿಥೇಯರು ಆವೆಮಣ್ಣನ್ನೇ ಆರಿಸಿಕೊಂಡುದು, ಎರಡು ತಂಡಗಳ ಆಟ ಎರಡು ನೆಲಗಳಲ್ಲಿ ಬೆಳೆದಿತ್ತೆಂಬುದನ್ನು ಅರಿತೇ.

೬

ಹೀಗೆಂದ ಮಾತ್ರಕ್ಕೆ ಉಪಕರಣಕ್ಕೆ ಯಾವ ಪಾತ್ರವೂ ಇಲ್ಲವೆಂದು ನಾವು ಹೇಳುತ್ತಿಲ್ಲ. ಅದರ ಪಾತ್ರವನ್ನು ಸರಿಯಾಗಿ ಗುರುತಿಸಬೇಕೆಂಬುದಷ್ಟೇ ನಮ್ಮ ಆಶಯ. ಚೆಂಡು ತಂತಿಗಳ ಮೇಲೆ ಇರುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲಿ ಸುಮಾರು ಐದು ಭಾಗ. ಅಷ್ಟರಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ ಸವರಬೇಕಾದರೆ ರ‍್ಯಾಕೆಟ್ಟು ಬಹಳ ಕಡಿದಾದ ದಾರಿಯಲ್ಲಿ ಚಲಿಸಬೇಕು. ಮರದ ರ‍್ಯಾಕೆಟ್ಟಿನ ಮುಖದ ವಿಸ್ತಾರ ೬೫ರಿಂದ ೭೦ ಚದರ ಅಂಗುಲ. ಕೊಂಚ ತಪ್ಪಿದರೂ ಚೆಂಡು ಚೌಕಟ್ಟಿಗೆ ತಾಗುತ್ತಿತ್ತು. ಬೋರ್ಗ್ ಅವರಂಥ ಅಸಾಧಾರಣರಿಗೆ ಮಾತ್ರ ಆ ಅಪಾಯವನ್ನು ದಿನವೂ ಎದುರಿಸಲು ಸಾಧ್ಯವಾಗಿತ್ತು. ಪ್ರಿನ್ಸ್ ರ‍್ಯಾಕೆಟ್ಟಿನ ಮುಖ ೧೧೦ ಚದರ ಅಂಗುಲ. ಅಗಲವಾದ ಮುಖ ತಪ್ಪನ್ನು ಕ್ಷಮಿಸಿತು. ಹಗುರವಾದ ಚೌಕಟ್ಟು ಬೀಸಿನ ವೇಗವನ್ನು ಹೆಚ್ಚಿಸಿತು. ಪ್ರತಿಭಾವಂತರ ಸ್ವತ್ತಾಗಿದ್ದುದು ಸಾಮಾನ್ಯ ವಿದ್ಯಾರ್ಥಿಯ ಕೈಗೂ ಬಂದಿತು. ಮಹಿಳೆಯರ ಆಟದಲ್ಲಿ ಸ್ಟೆಫಿ ಗ್ರಾಫ್, ಎರಡು ಕೈಗಳ ಫೋರ್‌ಹ್ಯಾಂಡಿನ ಮೋನಿಕಾ ಸೆಲೆಸ್ ಇವರ ಪ್ರಬಲ ಹೊಡೆತಗಳೂ, ಪುರುಷರಲ್ಲಿ ಇವಾನ್ ಲೆಂಡ್ಲ್ ಅವರದೂ ಹೊಸ ರ‍್ಯಾಕೆಟ್ಟುಗಳ ಯುಗಕ್ಕೆ ಸೇರಿದವು.

ಇದಲ್ಲದೆ, ಉಪಕರಣವು ತಾನಾಗಿಯೇ ಚರಿತ್ರೆಯನ್ನು ಪ್ರವೇಶಿಸುವುದಿಲ್ಲ. ಸಮುದಾಯದ ಸಮ್ಮತಿಯಿಂದ ಪ್ರವೇಶಿಸುತ್ತದೆ. ಜರ್ಮನಿಯ ವರ್ನರ್ ಫಿಷರ್ ಅವರು ರೂಪಿಸಿದ, ಸಡಿಲವಾದ ಎರಡು ಪದರ ತಂತಿಗಳ ರ‍್ಯಾಕೆಟ್ಟು ಇದಕ್ಕೆ ದೃಷ್ಟಾಂತ. ಜನ ಅದನ್ನು ಸ್ಪಗೆಟ್ಟಿ ರ‍್ಯಾಕೆಟ್ಟೆಂದು ಕರೆದರು. ಅದು ಚೆಂಡಿಗೆ ವಿಪರೀತವಾದ ಸುತ್ತನ್ನು ಕೊಡುತ್ತಿತ್ತು. ೧೯೭೭ರಲ್ಲಿ ಅದನ್ನು ಹಿಡಿದು ಆಡಿದ ಇಲಿ ನಸ್ತಾಸೆ ಅವರು, ಆವೆಮಣ್ಣಿನ ಮೇಲೆ ತಿಂಗಳುಗಟ್ಟಲೆ ಸೋಲನ್ನೇ ಕಾಣದಿದ್ದ ಗಿಯೆರ್ಮೊ ವಿಲಾಸ್ ಅವರ ವಿಜಯಯಾತ್ರೆಯನ್ನು ನಿಲ್ಲಿಸಿದರು. ಆ ವರ್ಷವೇ ಅದಕ್ಕೆ ತಡೆ ಬಂದಿತು. ೧೯೭೮ರಲ್ಲಿ ರ‍್ಯಾಕೆಟ್ಟೆಂದರೇನೆಂಬ ನಿರೂಪಣೆಯನ್ನು ಆಟದ ನಿಯಮಗಳಲ್ಲಿ ಮೊದಲ ಬಾರಿಗೆ ಸೇರಿಸಲಾಯಿತು. ಅಲ್ಲಿಯವರೆಗೆ, ಒಂದು ಶತಮಾನಕಾಲ, ನಿಯಮಗಳಲ್ಲಿ ಅಂಥ ನಿರೂಪಣೆಯೇ ಇರಲಿಲ್ಲ. ಉಪಕರಣವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಸುತ್ತಿನ ಯುಗ ಆ ರ‍್ಯಾಕೆಟ್ಟಿನಿಂದಲೇ ಮೊದಲಾಗಬೇಕಾಗಿತ್ತು. ಅಗಲವಾದ ರ‍್ಯಾಕೆಟ್ಟಿಗೆ ಸಮ್ಮತಿ ದೊರೆಯಿತು, ಸಡಿಲ ತಂತಿಯದಕ್ಕೆ ದೊರೆಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಉಪಕರಣಕ್ಕೆ ನಾವು ಹೆಚ್ಚಿನ ಪಾಲನ್ನು ಒಪ್ಪಿಕೊಳ್ಳಬೇಕಾಗಿದೆ. ೧೯೯೭ರಲ್ಲಿ ಬ್ರೆಜಿಲಿನ ಗುಸ್ತಾವೊ ಕ್ಯುರ್ಟೆನ್ ಅವರು ಪಾಲಿಯೆಸ್ಟರ್ ತಂತಿಗಳಿಂದ ಆಡಿ ಫ್ರಾನ್ಸಿನ ಪ್ರಶಸ್ತಿಯನ್ನು ಗೆದ್ದಮೇಲೆ ಆ ತಂತಿ ಎಲ್ಲೆಡೆ ಹರಡಿತು. ನುಣುಪಾದ ಈ ತಂತಿಗಳು ಚೆಂಡಿನೊಡನೆ ಜಾರಿ, ಅದು ಬಿಡುವ ಮೊದಲೇ ಮರಳಿ ತಮ್ಮ ಸ್ಥಾನಕ್ಕೆ ಚಿಮ್ಮಿ, ಸುತ್ತನ್ನು ಹೆಚ್ಚಿಸುತ್ತವೆ. ಅಮೆರಿಕದ ಜಾನ್ ಯಾಂಡೆಲ್ ಅವರು ವೇಗದ ಚಲನಚಿತ್ರಗಳ ನೆರವಿನಿಂದ ಲೆಕ್ಕಹಾಕಿದಂತೆ, ಸ್ಯಾಂಪ್ರಾಸ್ ಮತ್ತು ಅಗಾಸಿ ಅವರ ಫೋರ್‌ಹ್ಯಾಂಡುಗಳಲ್ಲಿ ಚೆಂಡು ನಿಮಿಷಕ್ಕೆ ಸರಾಸರಿ ಸುಮಾರು ೧,೮೦೦ರಿಂದ ೧,೯೦೦ ಸಲ ಸುತ್ತುತ್ತಿತ್ತು; ಫೆಡರರ್ ಅವರಲ್ಲಿ ಸುಮಾರು ೨,೭೦೦; ನಡಾಲ್ ಅವರಲ್ಲಿ ಸುಮಾರು ೩,೨೦೦. ಇಲ್ಲಿಯೂ ಒಂದು ಸಂಗತಿ ಗಮನಾರ್ಹ. ಫೆಡರರ್ ಅವರದು ಈಸ್ಟರ್ನ್ ಹಿಡಿತಕ್ಕೆ ಸಮೀಪವಾದುದು. ಆವೆಮಣ್ಣಿನಲ್ಲಿ ಬೆಳೆದ ನಡಾಲ್ ಅವರದು ವೆಸ್ಟರ್ನ್ ಕಡೆಗೆ ತಿರುಗಿದುದು. ಕಾಲ ಒಂದೇ, ಉಪಕರಣದ ಜಾತಿ ಒಂದೇ. ಆದರೂ ಕೈಗಳು ಎರಡು.

ಈ ನಡುವೆ ವಿಂಬಲ್ಡನ್ನಿನ ನೆಲವೇ ಬದಲಾಯಿತು. ೨೦೦೧ರಿಂದ ಅಲ್ಲಿ ಬೆರಕೆ ಹುಲ್ಲನ್ನು ಬಿಟ್ಟು, ತುಳಿತವನ್ನು ಹೆಚ್ಚು ತಾಳಬಲ್ಲ ರೈಹುಲ್ಲೊಂದನ್ನೇ ಬೆಳೆಸುತ್ತಿದ್ದಾರೆ. ನೆಲ ಗಟ್ಟಿಯಾಗಿ ಚೆಂಡು ಮೊದಲಿಗಿಂತ ಎತ್ತರಕ್ಕೆ ಪುಟಿಯತೊಡಗಿತು. ೨೦೦೨ರಲ್ಲಿ ಲೇಟನ್ ಹ್ಯೂವಿಟ್, ಡೇವಿಡ್ ನಲ್ಬಾಂಡಿಯನ್ ಎಂಬ, ಹಿಂದಿನ ಗೆರೆಯ ಬಳಿ ನಿಂತು ಆಡುವ ಇಬ್ಬರು ಅಂತಿಮ ಸ್ಪರ್ಧೆಯಲ್ಲಿ ಎದುರಾದರು. ಹಳೆಯ ಫೋರ್‌ಹ್ಯಾಂಡಿಗೆ ಆಶ್ರಯವಾಗಿದ್ದ ಕೊನೆಯ ನೆಲವೂ ಹೀಗೆ ಅದಕ್ಕೆ ಎರವಾಯಿತು.

೭

ಇದುವರೆಗಿನ ವಿಚಾರವನ್ನು ಸಂಗ್ರಹಿಸಿ ಹೇಳುವುದಾದರೆ: ಸುತ್ತಿನ ಫೋರ್‌ಹ್ಯಾಂಡು ೧೮೮೦ರ ದಶಕದಲ್ಲಿಯೇ ಇದ್ದಿತು, ೧೯೦೫ರ ವೇಳೆಗೆ ಕ್ಯಾಲಿಫೋರ್ನಿಯದ ಗಟ್ಟಿ ನೆಲದಲ್ಲಿ ಅದಕ್ಕೆ ತಕ್ಕ ಹಿಡಿತ ರೂಢಿಯಾಗಿದ್ದಿತು, ಹುಲ್ಲಿನ ಪ್ರತಿಷ್ಠೆ ಅದನ್ನು ಸುಮಾರು ಎಪ್ಪತ್ತು ವರ್ಷ ಅಂಚಿನಲ್ಲಿರಿಸಿತು, ೧೯೭೫ರಿಂದ ೧೯೮೮ರೊಳಗೆ ಆ ಪ್ರತಿಷ್ಠೆ ಇಳಿಯಿತು, ಅದೇ ಸಮಯದಲ್ಲಿ ಬಂದ ಹೊಸ ರ‍್ಯಾಕೆಟ್ಟು, ಆಮೇಲೆ ಬಂದ ಹೊಸ ತಂತಿ, ಅದನ್ನು ಸಾರ್ವತ್ರಿಕಗೊಳಿಸಿದವು. ಹೊಸದೆಂದು ನಾವು ಭಾವಿಸುವ ಹೊಡೆತ ಬಹುಕಾಲ ತಪ್ಪೆಂದು ಎಣಿಸಲ್ಪಟ್ಟಿದ್ದ ಹಳೆಯ ಹೊಡೆತ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ಒಂದು ಪ್ರಯೋಜನವುಂಟೆಂದು ನಾವು ಭಾವಿಸುತ್ತೇವೆ. ಕಬ್ಬಿಣದ ಗುಳ, ಮದ್ದುಗುಂಡು, ಮುದ್ರಣಯಂತ್ರ ಇವುಗಳನ್ನು ಕುರಿತು ಪಾಠ ಹೇಳುವಾಗ, ಉಪಕರಣ ಬಂದಿತು, ಆದುದರಿಂದ ಬಾಳು ಬದಲಾಯಿತು ಎಂಬ ವಾಕ್ಯ ನಮ್ಮ ಬಾಯಿಗೆ ಸುಲಭವಾಗಿ ಬರುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅದು ಇನ್ನೂ ಸುಲಭವಾಗಿ ಬರುತ್ತದೆ. ಅಂಥ ಸಂದರ್ಭಗಳಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಆ ರೀತಿ ಆ ಉಪಕರಣಕ್ಕಿಂತ ಮೊದಲೇ ಎಲ್ಲಿಯಾದರೂ ಇದ್ದಿತೇ? ಇದ್ದರೆ, ಅದನ್ನು ಅಂಚಿನಲ್ಲಿರಿಸಿದ್ದವರು ಯಾರು? ಉಪಕರಣಕ್ಕೆ ಸಮ್ಮತಿಯನ್ನು ಕೊಟ್ಟವರು ಯಾರು? ಈ ಮೂರನ್ನು ವಿಚಾರಿಸಿದ ಮೇಲೆಯೂ ಉಪಕರಣದ ಪಾಲು ಉಳಿಯುತ್ತದೆ. ಆದರೆ ಅದರ ಅಳತೆ ತಿಳಿಯುತ್ತದೆ.